ಒಡೆಯುವ ಮೊದಲು ಮನೆಯನ್ನು ಒಂದು ವರ್ಷ ನೋಡಿ

ಮೈಸೂರಿನ ಕುವೆಂಪುನಗರದಲ್ಲಿ ಬಡಾವಣೆಯ ನಿವಾಸಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಆವತ್ತು ಬಾಯಲ್ಲಿ ಹೇಳಿ ಮುಗಿಸಿದ್ದ ಒಂದೆರಡು ಲೆಕ್ಕಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಬೆಳಗ್ಗೆ ಹೊರಡುವಾಗ ನಮ್ಮ ಅತ್ತೆ ಕೇಳಿದರು, "ಏನಮ್ಮ ಮಾತಾಡ್ತೀಯ ಅಲ್ಲಿ?" "ಹಳೇ ಮನೆ ರಿಪೇರಿ ಬಗ್ಗೆ ಅತ್ತೆ" ಅಂದೆ. "ಹಾಗಾದ್ರೆ ಟೆರೇಸಿನ ವಿಷಯ ಮೊದಲು ಹೇಳು" ಅಂದರು. ಅವರ ಮಾತಿನಂತೆ ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮದು 1982ರಲ್ಲಿ ಮಾವ ಕಟ್ಟಿಸಿದ ಮನೆ. ನಲವತ್ತು-ಅರವತ್ತರ ಸೈಟು, ಒಂದೇ ಅಂತಸ್ತು, ಒಂಬತ್ತಿಂಚಿನ ಇಟ್ಟಿಗೆ ಗೋಡೆ, ಮೇಲೆ ಮೋಲ್ಡ್ ಅಂದ್ರೆ ಕಾಂಕ್ರೀಟ್ ಸೂರು, ಕೆಳಗೆ ಕೆಂಪು ಗಾರೆ ನೆಲ. ಇದನ್ನು ರಿಪೇರಿ ಮಾಡಬೇಕು ಅಂತ ಕೂತಾಗ ನಾನು ಮೊದಲು ಮಾಡಿಸಿದ ಕೆಲಸ ಅಂದ್ರೆ ಟೆರೇಸಿನ ಅರ್ಧಕ್ಕೆ ಬಿಳಿ ಬಣ್ಣ. ಅರ್ಧಕ್ಕೆ ಮಾತ್ರ, ಬೇಕಂತಲೇ. ನಾನು ಸಿವಿಲ್ ಇಂಜಿನಿಯರ್, ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಆದರೂ ಮನೆಯವರಿಗೆ ಬಾಯಲ್ಲಿ ಹೇಳಿ ಒಪ್ಪಿಸುವುದು ಕಷ್ಟ. ಕಣ್ಣಿಗೆ ಕಾಣಬೇಕು.

ಏಪ್ರಿಲ್ ತಿಂಗಳು. ಅತ್ತೆ ಅರಳು ಸಂಡಿಗೆ ಇಟ್ಟಿದ್ದರು. ಮಧ್ಯಾಹ್ನ ಎರಡೂವರೆಗೆ ಅದನ್ನು ಮಗುಚಿ ಹಾಕಲು ಮೇಲೆ ಹೋದರು. ಸಂಡಿಗೆ ಅಂದ್ರೆ ಮಡಿ, ಹಾಗಾಗಿ ಚಪ್ಪಲಿ ಮೆಟ್ಟಿಲಲ್ಲೇ ಬಿಟ್ಟಿದ್ದರು. ಬರೀ ಸಿಮೆಂಟಿನ ಕಡೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅಂಗಾಲು ಸುಟ್ಟು, ಓಡಿ ಬಿಳಿ ಬಣ್ಣದ ಕಡೆ ಬಂದು ನಿಂತರು. ನಿಂತವರು ಅಲ್ಲೇ ನಿಂತುಬಿಟ್ಟರು. ಅಲ್ಲಿಂದಲೇ ಕೂಗಿದರು, "ಬಾರಮ್ಮ ಇಲ್ಲಿ, ಇಲ್ಲಿ ನಿಲ್ಲಬಹುದು!" ನಾನು, ನನ್ನ ಗಂಡ, ಇಬ್ಬರು ಮಕ್ಕಳು ಎಲ್ಲ ಮೇಲೆ ಹೋದೆವು. ಬರಿಗಾಲಲ್ಲಿ ಈ ಕಡೆ ಒಂದು ಹೆಜ್ಜೆ, ಆ ಕಡೆ ಒಂದು ಹೆಜ್ಜೆ. ಅದೇ ಸೂರ್ಯ, ಅದೇ ಕಾಂಕ್ರೀಟ್, ನಡುವೆ ಬಣ್ಣದ ಒಂದು ಗೆರೆ. ನನ್ನ ಗಂಡ ಆಮೇಲೆ ಏನೂ ಪ್ರಶ್ನೆ ಕೇಳಲಿಲ್ಲ.

ನಮ್ಮೂರಲ್ಲಿ ಯಾಕೆ ಟೆರೇಸೇ ಮೊದಲು ಅನ್ನುವುದಕ್ಕೆ ಕಾರಣ ಇದೆ. ಮೈಸೂರು ಇರುವುದು ಸಮಭಾಜಕದಿಂದ ಉತ್ತರಕ್ಕೆ ಸುಮಾರು 12.3 ಡಿಗ್ರಿಯಲ್ಲಿ. ಏಪ್ರಿಲ್ 22ರ ಸುಮಾರಿಗೆ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆಗ ನೆರಳೇ ಇರುವುದಿಲ್ಲ. ಆಗಸ್ಟ್ 20ರ ಆಸುಪಾಸಿನಲ್ಲಿ ಇನ್ನೊಮ್ಮೆ ಹೀಗಾಗುತ್ತೆ, ಆದರೆ ಆಗ ಮೋಡ ನಮ್ಮನ್ನು ಕಾಯುತ್ತೆ. ಅಂದ್ರೆ ಬೇಸಿಗೆಯಲ್ಲಿ ನಮ್ಮ ಮನೆಗೆ ಬಿಸಿಲು ಹೊಡೆಯುವುದು ಗೋಡೆಗಿಂತ ಜಾಸ್ತಿ ತಲೆಯ ಮೇಲೆ. ನಾಲ್ಕೈದು ಇಂಚಿನ ಕಾಂಕ್ರೀಟು ಆ ಬಿಸಿಯನ್ನು ಕುಡಿದು ಇಟ್ಟುಕೊಳ್ಳುತ್ತೆ. ಹೊರಗಿನ ಬಿಸಿ ಒಳಗಿನ ಸೂರಿಗೆ ಇಳಿಯುವುದಕ್ಕೆ ಮೂರು ನಾಲ್ಕು ಗಂಟೆ ಬೇಕು. ಹಾಗಾಗಿ ಸಂಜೆ ಹೊರಗೆ ತಂಪಾದ ಮೇಲೂ ಒಳಗೆ ಸೂರು ಕಾಯುತ್ತಲೇ ಇರುತ್ತೆ. ರಾತ್ರಿ ಹತ್ತಕ್ಕೆ "ಫ್ಯಾನ್ ಹಾಕಿದ್ರೂ ಬಿಸಿ ಗಾಳಿನೇ ಬರ್ತಿದೆ" ಅಂತೀವಲ್ಲ, ಅದು ಮಧ್ಯಾಹ್ನದ ಬಿಸಿಲು.

ಆ ಬಿಸಿಯನ್ನು ಒಳಗೆ ಬಿಟ್ಟುಕೊಂಡು, ಆಮೇಲೆ ಎಸಿ ತಂದು ಹೊರಗೆ ಹಾಕುತ್ತೀವಿ. ಬಿಸಿಲನ್ನು ಮೇಲೆಯೇ ತಡೆದರೆ ಆ ಖರ್ಚು ಎಷ್ಟೋ ಉಳಿಯುತ್ತೆ.

ಬಿಳಿ ಮಾಡಲು ದಾರಿ ಹಲವು. ಸುಣ್ಣ ಎಲ್ಲಕ್ಕಿಂತ ಅಗ್ಗ, ಆದರೆ ಮಳೆಗೆ ತೊಳೆದು ಹೋಗುತ್ತೆ, ಪ್ರತಿ ಬೇಸಿಗೆಗೆ ಮುಂಚೆ ಹಚ್ಚಬೇಕು. ಬಿಸಿಲು ವಾಪಸ್ ಕಳಿಸುವ ಬಿಳಿ ಬಣ್ಣ ಅಂಗಡಿಯಲ್ಲಿ ಸಿಗುತ್ತೆ, ಅದು ಕೆಲವು ವರ್ಷ ಬರುತ್ತೆ. ಬಿಳಿ ಟೈಲ್ಸ್ ಚೂರುಗಳನ್ನು ಹಾಕಿಸಿದರೆ ಇನ್ನೂ ಗಟ್ಟಿ. ಯಾವುದೇ ಮಾಡಿಸಿ, ಒಂದು ಮಾತು ನೆನಪಿಡಿ. ಮೊದಲು ಸೋರುವುದನ್ನು ನಿಲ್ಲಿಸಿ, ನೀರು ಹರಿಯಲು ವಾಟ ಸರಿ ಮಾಡಿಸಿ. ಹತ್ತು ಅಡಿಗೆ ಒಂದೂಕಾಲು ಇಂಚು ಇಳಿಜಾರು ಇರಲಿ. ಸೋರುವ ಮೋಲ್ಡ್ ಮೇಲೆ ಬಣ್ಣ ಹೊಡೆಸಿದರೆ ಮುಂದಿನ ಮಳೆಗಾಲಕ್ಕೆ ಬಣ್ಣವೇ ಹೊಪ್ಪಳೆ ಎದ್ದು ಬರುತ್ತೆ. ಇನ್ನೊಂದು, ಫೆಬ್ರವರಿಯಲ್ಲಿ ಒಮ್ಮೆ ಟೆರೇಸ್ ಉಜ್ಜಿ ತೊಳೆಯಿರಿ. ಧೂಳು, ಪಾಚಿ ಕೂತ ಬಿಳಿ ಬಣ್ಣ ಬಿಳಿಯಾಗಿ ಕೆಲಸ ಮಾಡುವುದಿಲ್ಲ.

ಈಗ ಕಿಟಕಿಗೆ ಬರೋಣ. ಇದು ನನ್ನ ಮನಸ್ಸಿಗೆ ತುಂಬಾ ಹತ್ತಿರದ ವಿಷಯ.

ನಿಮ್ಮಲ್ಲಿ ಎಷ್ಟು ಜನ ಸಂಜೆ ಐದೂವರೆಗೆ ಮನೆಯ ಕಿಟಕಿಗಳನ್ನೆಲ್ಲ ಹಾಕುತ್ತೀರಿ? ಕೈ ಎತ್ತಿ ಅಂತ ಕೇಳಿದೆ, ಹೆಚ್ಚುಕಮ್ಮಿ ಎಲ್ಲರ ಕೈಯೂ ಮೇಲೆ ಹೋಯಿತು. ಕಾರಣ ಎಲ್ಲರಿಗೂ ಗೊತ್ತು, ಸೊಳ್ಳೆ. ಸ್ವಲ್ಪ ಯೋಚನೆ ಮಾಡಿ. ಇಡೀ ದಿನ ಸುಡುವ ಗಾಳಿ ಬರುವಾಗ ಕಿಟಕಿ ತೆರೆದಿರುತ್ತೀವಿ. ತಂಪು ಗಾಳಿ ಶುರುವಾಗುವ ಹೊತ್ತಿಗೆ ಸರಿಯಾಗಿ ಮುಚ್ಚುತ್ತೀವಿ. ಹಗಲಿನ ಬಿಸಿಯನ್ನು ರಾತ್ರಿಯಿಡೀ ಕೂಡಿಹಾಕಿ ಅದರ ಜೊತೆ ಮಲಗುತ್ತೀವಿ. ಮೈಸೂರು ಸಮುದ್ರಮಟ್ಟದಿಂದ ಏಳುನೂರ ಅರವತ್ತು ಎಪ್ಪತ್ತು ಮೀಟರ್ ಎತ್ತರದ ಊರು. ಇಲ್ಲಿ ಬೇಸಿಗೆಯಲ್ಲೂ ರಾತ್ರಿ ಹೊರಗೆ ತಂಪಾಗುತ್ತೆ. ಕರಾವಳಿಯವರಿಗೆ ಈ ಭಾಗ್ಯ ಇಲ್ಲ. ನಮಗೆ ಇದೆ, ಬಳಸಿಕೊಳ್ಳುತ್ತಿಲ್ಲ.

ಪರಿಹಾರ ಸೊಳ್ಳೆ ಜಾಲರಿ. ಎಲ್ಲ ಕಿಟಕಿಗೂ, ವೆಂಟಿಲೇಟರಿಗೂ, ಹಿಂಬಾಗಿಲಿಗೂ. ಸಂಜೆ ಆರರಿಂದ ಬೆಳಗ್ಗೆ ಒಂಬತ್ತರವರೆಗೆ ಕಿಟಕಿ ತೆರೆದಿಡಿ. ಬಿಸಿಲೇರಿದ ಮೇಲೆ ಮುಚ್ಚಿ. ಈಗ ಮಾಡುತ್ತಿರುವುದಕ್ಕೆ ಪೂರಾ ಉಲ್ಟಾ. ನಮ್ಮ ಮನೆಯಲ್ಲಿ ಟೆರೇಸಿನ ಬಿಳಿ ಬಣ್ಣ ಮತ್ತು ಈ ಜಾಲರಿ, ಎರಡೇ ಕೆಲಸ ಆದ ಮೇಲೆ ಮಕ್ಕಳು ಎಸಿ ಬೇಕು ಅಂತ ಹಟ ಮಾಡುವುದನ್ನು ಬಿಟ್ಟರು.

ಇಲ್ಲಿ ಒಂದು ತಪ್ಪು ದಿನಾ ನೋಡುತ್ತೇನೆ. ಹಳೇ ಮರದ ಕಿಟಕಿ ತೆಗೆಸಿ ಜಾರುವ ಕಿಟಕಿ ಹಾಕಿಸುತ್ತಾರೆ. ನೋಡಲು ಚೆಂದ, ಧೂಳು ಬರುವುದಿಲ್ಲ, ಎಲ್ಲ ಸರಿ. ಆದರೆ ಎರಡು ಬಾಗಿಲಿನ ಜಾರುವ ಕಿಟಕಿಯನ್ನು ಎಷ್ಟೇ ತೆಗೆದರೂ ಅರ್ಧವೇ ತೆರೆಯುವುದು. ರೆಕ್ಕೆ ಬಾಗಿಲಿನ ಹಳೇ ಕಿಟಕಿ ಪೂರ್ತಿ ತೆರೆಯುತ್ತೆ. ಲಕ್ಷಗಟ್ಟಲೆ ಕೊಟ್ಟು ಮನೆಯ ಅರ್ಧ ಗಾಳಿಯನ್ನು ಕಳೆದುಕೊಂಡ ಹಾಗೆ. ನಿಮ್ಮ ಹಳೇ ಕಿಟಕಿ ತೇಗದ್ದೋ ಹೊನ್ನೆಯದ್ದೋ ಮತ್ತಿಯದ್ದೋ ಆಗಿದ್ದರೆ, ದಯವಿಟ್ಟು ಅದನ್ನು ಗುಜರಿಯವನಿಗೆ ಕೊಡಬೇಡಿ. ಉಜ್ಜಿಸಿ, ಎಣ್ಣೆ ಹೊಡೆಸಿ, ಕೀಲು ಬದಲಿಸಿ. ಒಳಗಡೆಗೆ ಜಾಲರಿಯ ಚೌಕಟ್ಟು ಕೂರಿಸಿ.

ಹಾಗೇ ಕಿಟಕಿ ಬಾಗಿಲ ನೆತ್ತಿಯ ಲಿಂಟಲ್ ತೊಲೆಯ ಮೇಲಿನ ವೆಂಟಿಲೇಟರುಗಳು. ಬಿಸಿ ಗಾಳಿ ಮೇಲೇರುತ್ತೆ, ಅದು ಹೊರಗೆ ಹೋಗುವ ದಾರಿ ಅವು. ಈಗ ಎಲ್ಲರೂ ಫಾಲ್ಸ್ ಸೀಲಿಂಗ್ ಮಾಡಿಸಿ ಅವನ್ನು ಮುಚ್ಚುತ್ತಿದ್ದಾರೆ. ಹತ್ತು ಅಡಿಯ ರೂಮನ್ನು ಒಂಬತ್ತಕ್ಕೆ ಇಳಿಸಿ, ಗಾಳಿಯ ಬಾಯಿ ಕಟ್ಟಿ, ನಾಲ್ಕು ಬದಿ ದೀಪ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ. ಇದರಲ್ಲಿ ನನ್ನ ಮಾತು ಕೇಳದ ಗಿರಾಕಿಗಳೂ ಇದ್ದಾರೆ. ಆದರೂ ಪ್ರತಿ ಸಲ ಹೇಳುತ್ತೇನೆ.

ಮೈಸೂರಿನವರು ಒಂದು ವಿಷಯ ಮರೆಯಬಾರದು. 1890ರ ದಶಕದ ಕೊನೆಯಲ್ಲಿ ಇಲ್ಲಿ ಪ್ಲೇಗ್ ಬಂತು. ಇಕ್ಕಟ್ಟಾದ, ಗಾಳಿ ಬೆಳಕಿಲ್ಲದ ಮನೆಗಳ ಪಾಡು ಆಗ ಎಲ್ಲರ ಕಣ್ಣಿಗೆ ಬಿತ್ತು. 1903ರಲ್ಲಿ ಇಲ್ಲಿ ನಗರಾಭಿವೃದ್ಧಿಗೆ ಅಂತಲೇ ಟ್ರಸ್ಟ್ ಬೋರ್ಡ್ ಆಯಿತು, ದೇಶದಲ್ಲಿ ಇಂಥ ಮೊದಮೊದಲ ಸಂಸ್ಥೆಗಳಲ್ಲಿ ಅದೂ ಒಂದು. ಅಗಲ ರಸ್ತೆ, ಮನೆ ಸುತ್ತ ಜಾಗ, ಹಿಂದೆ ಕಸ, ಕೊಳಚೆ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಗಲ್ಲಿ, ಹೀಗೆ ಹಳೇ ಬಡಾವಣೆಗಳು ಬೆಳೆದವು. ಗಾಳಿ ಬೆಳಕಿಗೆ ಅಂತ ಬಿಟ್ಟ ಆ ಜಾಗದ ಮೇಲೆ ಈಗ ನಾವು ಶೀಟ್ ಹಾಕಿ ಸ್ಟೋರ್ ರೂಮ್ ಮಾಡಿಕೊಂಡಿದ್ದೀವಿ. ನಿಮ್ಮ ಮನೆಯ ಪಕ್ಕದ ಓಣಿ ಮುಚ್ಚಿದ್ದರೆ, ರಿಪೇರಿ ಕೆಲಸ ಅದನ್ನು ತೆಗೆಸುವುದರಿಂದಲೇ ಶುರುವಾಗಲಿ.

ಇನ್ನು ಪಶ್ಚಿಮದ ಗೋಡೆ. ದಕ್ಷಿಣದ ಕಿಟಕಿಗೆ ಎರಡಡಿ ಸಜ್ಜ ಇದ್ದರೆ ಸಾಕು, ಅಲ್ಲಿ ಸೂರ್ಯ ಎತ್ತರದಲ್ಲೇ ಇರುತ್ತಾನೆ. ಪಶ್ಚಿಮದಲ್ಲಿ ಹಾಗಲ್ಲ. ಸಂಜೆ ನಾಲ್ಕರ ಬಿಸಿಲು ಸಜ್ಜದ ಕೆಳಗೆ ನುಗ್ಗಿ ನೇರ ಹಾಸಿಗೆ ಮೇಲೆ ಬೀಳುತ್ತೆ. ಜನ ಒಳಗೆ ದಪ್ಪ ಪರದೆ ಹಾಕುತ್ತಾರೆ. ಪರದೆ ಕತ್ತಲೆ ಕೊಡುತ್ತೆ ಅಷ್ಟೇ. ಗಾಜು ದಾಟಿ ಬಂದ ಬಿಸಿ ಆಗಲೇ ಮನೆಯೊಳಗೆ ಬಂದಾಯಿತಲ್ಲ. ತಡೆಯುವುದಿದ್ದರೆ ಗಾಜಿನ ಹೊರಗೆ ತಡೆಯಬೇಕು. ಹೊರಗೆ ಬಿದಿರಿನ ಚಿಕ್ ಇಳಿಬಿಡಿ, ಇಲ್ಲ ಕಬ್ಬಿಣದ ಚೌಕಟ್ಟಿಗೆ ಮಲ್ಲಿಗೆ ಬಳ್ಳಿ ಹಬ್ಬಿಸಿ. ನಾವು ತೊಂಡೆ ಬಳ್ಳಿ ಹಬ್ಬಿಸಿದ್ದೀವಿ. ಬೇಸಿಗೆಯಲ್ಲಿ ನೆರಳು, ಜೊತೆಗೆ ಪಲ್ಯಕ್ಕೆ ಕಾಯಿ.

ಈ ಪಶ್ಚಿಮದ ವಿಷಯದಲ್ಲಿ ಒಂದು ರೂಪಾಯಿ ಖರ್ಚಿಲ್ಲದ ರಿಪೇರಿಯೂ ಇದೆ. ನಮ್ಮ ಮಲಗುವ ಕೋಣೆ ಪಶ್ಚಿಮಕ್ಕಿತ್ತು. ಸಂಜೆ ಕಾದು, ರಾತ್ರಿಯೆಲ್ಲ ಬಿಸಿ. ಪೂರ್ವದ ಕೋಣೆಯಲ್ಲಿ ಬೀರು, ಟ್ರಂಕು, ಹಳೇ ಪುಸ್ತಕ ತುಂಬಿದ್ದೆವು. ಅದು ಬೆಳಗ್ಗೆ ಬಿಸಿಲು ಕಂಡು, ಮಧ್ಯಾಹ್ನದ ಮೇಲೆ ತಣ್ಣಗಾಗುವ ಕೋಣೆ. ಅಂದ್ರೆ ಮನೆಯ ಅತಿ ತಂಪಾದ ರಾತ್ರಿಯನ್ನು ಟ್ರಂಕುಗಳಿಗೆ ಕೊಟ್ಟಿದ್ದೆವು! ಒಂದು ಭಾನುವಾರ ಎರಡನ್ನೂ ಅದಲು ಬದಲು ಮಾಡಿದೆವು. ಪಶ್ಚಿಮದ ಕೋಣೆ ಈಗ ನನ್ನ ಗಂಡನ ಆಫೀಸು. ಅವರ ಕೆಲಸ ಹೆಚ್ಚಾಗಿ ಬೆಳಗ್ಗೆ, ಆ ಹೊತ್ತಿಗೆ ಅದು ಹಿತವಾಗಿರುತ್ತೆ.

ಇದಕ್ಕೇ ನಾನು ಎಲ್ಲರಿಗೂ ಹೇಳುವುದು, ಒಡೆಯುವ ಮೊದಲು ಒಂದು ವರ್ಷ ಮನೆಯನ್ನು ನೋಡಿ ಅಂತ. ಒಂದು ನೋಟ್‌ಬುಕ್ ಇಡಿ. ಯಾವ ತಿಂಗಳು ಯಾವ ಕಿಟಕಿಯಲ್ಲಿ ಬಿಸಿಲು ಎಲ್ಲಿವರೆಗೆ ಬರುತ್ತೆ, ಮುಂಗಾರಿನ ಗಾಳಿ ಯಾವ ಬಾಗಿಲನ್ನು ಬಡಿಯುತ್ತೆ, ಯಾವ ಮೂಲೆ ಒದ್ದೆಯಾಗುತ್ತೆ, ಮನೆಮಂದಿ ಯಾವ ಹೊತ್ತಿಗೆ ಎಲ್ಲಿ ಕೂರುತ್ತಾರೆ. ಒಂದು ವರ್ಷ ಆಗದಿದ್ದರೆ ಒಂದು ಬೇಸಿಗೆ, ಒಂದು ಮಳೆಗಾಲ ಆದರೂ ನೋಡಿ. ಹೀಗೆ ಬರೆದಿಟ್ಟವರು ನನ್ನ ಹತ್ತಿರ ಬಂದಾಗ ಕೆಲಸ ಅರ್ಧ ಕಮ್ಮಿಯಾಗಿರುತ್ತೆ. ನಾವೂ ಮೊದಲು ಮನೆ ಪೂರ್ತಿ ಕೆಡವಿ ಡ್ಯೂಪ್ಲೆಕ್ಸ್ ಕಟ್ಟುವ ಯೋಚನೆ ಮಾಡಿದ್ದೆವು. ಆ ನಕ್ಷೆ ಇನ್ನೂ ಬೀರುವಿನಲ್ಲಿದೆ.

ಹಳೇ ಮನೆ ಉಳಿಸಿಕೊಂಡರೆ ಅದನ್ನು ಕಟ್ಟಲು ಬೇಕಾಗುವ ಶಕ್ತಿಯೂ ಉಳಿಯುತ್ತೆ. ಹೇಗೆ ಅಂತ ಕೇಳಬಹುದು. ಸಿಮೆಂಟ್ ಮಾಡಲು ಸುಣ್ಣದ ಕಲ್ಲನ್ನು ಸುಮಾರು 1,450 ಡಿಗ್ರಿಯಲ್ಲಿ ಸುಡಬೇಕು. ಇಟ್ಟಿಗೆಯೂ ಸುಟ್ಟಿದ್ದೇ, ಕಬ್ಬಿಣವೂ ಬೆಂಕಿಯಿಂದ ಬಂದದ್ದೇ. ನಿಮ್ಮ ಹಳೇ ಗೋಡೆಗೆ ಆ ಬೆಂಕಿ ನಲವತ್ತು ವರ್ಷದ ಹಿಂದೆಯೇ ಖರ್ಚಾಗಿದೆ. ಗಟ್ಟಿಯಾಗಿರುವ ಗೋಡೆ ಕೆಡವಿ ಮತ್ತೆ ಕಟ್ಟಿದರೆ, ಆ ಬೆಂಕಿಯನ್ನು ಎರಡನೇ ಸಲ ಹಚ್ಚಿದ ಹಾಗೆ.

ಆದರೆ ಹಳೇ ಮನೆ ಇದ್ದ ಹಾಗೇ ಇರಲಿ ಅಂತ ನಾನು ಹೇಳುತ್ತಿಲ್ಲ. 1982ರ ಸಂಸಾರ ಬೇರೆ, ಇವತ್ತಿನದು ಬೇರೆ. ಆಗ ಬಚ್ಚಲುಮನೆ ಹಿಂದುಗಡೆ, ಕಕ್ಕಸು ಅದರಾಚೆ. ಮಾವನಿಗೆ ಕೊನೆಯ ಎರಡು ವರ್ಷ ಮಂಡಿ ನೋವು. ರಾತ್ರಿ ಎದ್ದು ಎರಡು ಹೊಸ್ತಿಲು ದಾಟಿ, ಒಂದು ಮೆಟ್ಟಿಲು ಇಳಿದು ಹೋಗುತ್ತಿದ್ದರು. ಗೋಡೆ ಹಿಡಿದು ಹಿಡಿದು ಆ ದಾರಿಯ ಗೋಡೆಯಲ್ಲಿ ಅವರ ಅಂಗೈ ಎತ್ತರಕ್ಕೆ ಒಂದು ಕಪ್ಪು ಪಟ್ಟೆಯೇ ಆಗಿತ್ತು. ಬಣ್ಣ ಹೊಡೆಯುವಾಗ ಅದನ್ನು ನೋಡಿ ನಾನು ತುಂಬಾ ಹೊತ್ತು ನಿಂತಿದ್ದೆ. ಅವರಿದ್ದಾಗಲೇ ನಾನು ಇದನ್ನು ಸರಿ ಮಾಡಿಸಬೇಕಿತ್ತು.

ಅತ್ತೆಗೆ ಆ ಪಾಡು ಬರಬಾರದು ಅಂತ ಅವರ ಕೋಣೆಗೇ ಬಚ್ಚಲು ಸೇರಿಸಿದೆವು. ಬಾಗಿಲು ಮೂರಡಿ ಅಗಲ, ಮುಂದೆ ಯಾರಿಗಾದರೂ ಗಾಲಿಕುರ್ಚಿ ಬೇಕಾದರೂ ಹೋಗುವಂತೆ. ಹೊಸ್ತಿಲಿಲ್ಲ, ನೆಲ ಒಂದೇ ಮಟ್ಟ, ನೀರು ಹೊರಗೆ ಬರದ ಹಾಗೆ ವಾಟ ಮಾತ್ರ. ಜಾರದ ಟೈಲ್ಸ್. ಕಮೋಡಿನ ಪಕ್ಕ, ಸ್ನಾನದ ಜಾಗದಲ್ಲಿ ಹಿಡಿಕೆ. ಹಿಡಿಕೆಯನ್ನು ಟೈಲ್ಸ್ ಹಾಕುವ ಮೊದಲೇ ಗೋಡೆಯೊಳಗೆ ಗಟ್ಟಿ ಮಾಡಿಸಿ. ಆಮೇಲೆ ಟೈಲ್ಸ್‌ಗೆ ಎರಡು ಸ್ಕ್ರೂ ಹೊಡೆದರೆ ಬೀಳುವವರನ್ನು ಅದು ಹಿಡಿಯುವುದಿಲ್ಲ.

ಅಡುಗೆಮನೆಗೂ ಹಾಲಿಗೂ ನಡುವಿನ ಗೋಡೆ ತೆಗೆಸಬೇಕು ಅನ್ನುವುದು ಈಗ ಎಲ್ಲರ ಆಸೆ. ಅಡುಗೆ ಮಾಡುವವರು ಒಬ್ಬರೇ ಒಳಗೆ ಬೇಯಬಾರದು, ಮಾತಿಗೆ ಸಿಗಬೇಕು, ಒಳ್ಳೆಯ ಆಸೆಯೇ. ಆದರೆ ಆ ಕಾಲದ ಮನೆಗಳಿಗೆ ಪಿಲ್ಲರ್ ಇರುವುದಿಲ್ಲ. ಒಂಬತ್ತಿಂಚಿನ ಗೋಡೆಗಳೇ ಮೋಲ್ಡನ್ನು ಹೊತ್ತಿರುತ್ತವೆ. ಮೇಸ್ತ್ರಿ "ಏನಾಗಲ್ಲ ಮೇಡಂ, ತೆಗೆದುಬಿಡೋಣ" ಅಂದರೆ ಒಪ್ಪಬೇಡಿ. ಇಂಜಿನಿಯರ್ ನೋಡದೆ ಒಂದು ಇಟ್ಟಿಗೆಯನ್ನೂ ಕೀಳಿಸಬೇಡಿ. ನಾವು ಅಲ್ಲಿ ಗೋಡೆ ಉಳಿಸಿ, ಬೀಮ್ ಕೊಟ್ಟು, ಸೊಂಟದೆತ್ತರದಿಂದ ಮೇಲಕ್ಕೆ ನಾಲ್ಕಡಿ ಅಗಲದ ಕಂಡಿ ಮಾಡಿಸಿದೆವು. ಒಗ್ಗರಣೆ ಹೊಗೆಗೆ ಕಿಟಕಿಯ ಎದುರು ಗೋಡೆಯಲ್ಲಿ, ಸೂರಿನ ಹತ್ತಿರ ಒಂದು ಎಕ್ಸಾಸ್ಟ್ ಫ್ಯಾನ್. ಈಗ ಮಗಳು ಆ ಕಂಡಿಯ ಕಟ್ಟೆ ಮೇಲೆ ಪುಸ್ತಕ ಇಟ್ಟುಕೊಂಡು ಓದುತ್ತಾಳೆ, ನಾನು ಈ ಕಡೆ ಚಪಾತಿ ಲಟ್ಟಿಸುತ್ತೇನೆ.

ನಾನು ಮಾಡಿದ ಒಂದು ತಪ್ಪನ್ನೂ ಹೇಳಬೇಕು. ಪಾಂಡವಪುರದ ಕಡೆ ಒಂದು ತೊಟ್ಟಿಮನೆ. ಆ ಮನೆಯವರಿಗೆ ತೊಟ್ಟಿಯಲ್ಲಿ ಮಳೆ ನೀರು, ಕೋತಿಗಳ ಕಾಟ. "ಮೇಲೆ ಮುಚ್ಚಿಕೊಡಿ" ಅಂದರು. ಹೆಂಚಿನ ಅಂಚಿಗೆ ಸರಿಯಾಗಿ, ಬೆಳಕು ಬರುವ ಪ್ಲಾಸ್ಟಿಕ್ ಶೀಟ್ ಹಾಕಿಸಿದೆ. ಮುಂದಿನ ಮಾರ್ಚಿಗೆ ಫೋನು ಬಂತು. ನಡುಮನೆಯಲ್ಲಿ ಕೂರಲು ಆಗುತ್ತಿಲ್ಲ ಅಂತ. ಹೋಗಿ ನೋಡಿದರೆ ನಿಜ. ಬಿಸಿಲು ಒಳಗೆ ಬರುತ್ತಿತ್ತು, ಬಿಸಿ ಗಾಳಿ ಹೊರಗೆ ಹೋಗುತ್ತಿರಲಿಲ್ಲ. ತಲೆಮಾರುಗಳಿಂದ ಆ ಮನೆಯ ಉಸಿರಾಗಿದ್ದ ಜಾಗವನ್ನು ನಾನು ಮುಚ್ಚಿಬಿಟ್ಟಿದ್ದೆ. ನನ್ನ ಖರ್ಚಿನಲ್ಲೇ ಶೀಟ್ ತೆಗೆಸಿ, ಎರಡಡಿ ಮೇಲಕ್ಕೆತ್ತಿ, ನಾಲ್ಕೂ ಬದಿ ಜಾಲರಿ ಕೊಟ್ಟು, ಮೇಲೆ ಅರ್ಧ ಭಾಗಕ್ಕೆ ಹೆಂಚು, ಅರ್ಧಕ್ಕೆ ಮಾತ್ರ ಬೆಳಕಿನ ಶೀಟ್ ಮಾಡಿಸಿದೆ. ಆಮೇಲೆ ಮನೆ ಮತ್ತೆ ಉಸಿರಾಡಿತು. ಈಗ ಎಲ್ಲೇ ತೊಟ್ಟಿ ಕಂಡರೂ ಮೊದಲು ಅದರ ಕೆಳಗೆ ಒಂದು ಗಂಟೆ ಕೂತು ನೋಡುತ್ತೇನೆ.

ಕರೆಂಟಿನ ವಿಷಯ ಕೊನೆಗೆ ಇಟ್ಟುಕೊಂಡಿದ್ದೇನೆ, ಯಾಕೆಂದರೆ ಅದು ಬರಬೇಕಾದದ್ದೇ ಕೊನೆಗೆ. ಮನೆ ತಂಪಾದ ಮೇಲೆ ಎಷ್ಟು ಕರೆಂಟ್ ಬೇಕು ಅಂತ ಲೆಕ್ಕ ಹಾಕಿ.

ಹಳೇ ಫ್ಯಾನು ಸುಮಾರು 75 ವ್ಯಾಟ್ ತಿನ್ನುತ್ತೆ. ಈಗಿನ, ಕಮ್ಮಿ ಕರೆಂಟಿನ ಮೋಟರ್ ಇರುವ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಸಾಕು. ಐದು ಫ್ಯಾನು ದಿನಕ್ಕೆ ಹತ್ತು ಗಂಟೆ ತಿರುಗಿದರೆ, ಹಳೇದಕ್ಕೆ 3.75 ಯೂನಿಟ್, ಹೊಸದಕ್ಕೆ 1.5. ತಿಂಗಳಿಗೆ 67 ಯೂನಿಟ್ ಉಳಿತಾಯ. ಬಿಸಿನೀರಿನದು ಇನ್ನೊಂದು ದೊಡ್ಡ ಲೆಕ್ಕ. ಹದಿನೆಂಟು ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿ ಬಿಸಿ ಮಾಡಲು 0.4 ಯೂನಿಟ್ ಬೇಕು. ಐದು ಜನರಿಗೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60. ಸೋಲಾರ್ ಹೀಟರ್ ಇದ್ದರೆ ಮಳೆಗಾಲ ಬಿಟ್ಟು ಇದು ಪೂರಾ ಉಳಿಯುತ್ತೆ. ಆದರೆ ಬಚ್ಚಲು ಎಲ್ಲೋ, ಸೋಲಾರ್ ಎಲ್ಲೋ ಇಟ್ಟರೆ ಕಷ್ಟ. ಮುಕ್ಕಾಲು ಇಂಚಿನ ಪೈಪು ಐವತ್ತು ಅಡಿ ಇದ್ದರೆ ಅದರಲ್ಲೇ ನಾಲ್ಕು ಲೀಟರ್ ತಣ್ಣೀರು ನಿಂತಿರುತ್ತೆ. ದಿನಾ ಬೆಳಗ್ಗೆ ಅಷ್ಟು ನೀರು ಬಚ್ಚಲಿಗೆ. ರಿಪೇರಿ ಮಾಡಿಸುವಾಗ ಟ್ಯಾಂಕನ್ನು ಬಚ್ಚಲ ನೆತ್ತಿಗೇ ತನ್ನಿ, ಪೈಪಿಗೆ ಬಿಸಿ ಆರದಂತೆ ಹೊದಿಕೆ ಸುತ್ತಿಸಿ.

2023ರಲ್ಲಿ ಗೃಹಜ್ಯೋತಿ ಬಂದ ಮೇಲೆ "ಕರೆಂಟ್ ಫ್ರೀ ಅಲ್ವಾ, ಉಳಿಸಿ ಏನು?" ಅನ್ನುವ ಮಾತು ಕೇಳುತ್ತೇನೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು ಅನ್ನುವುದು ನೆನಪಿರಲಿ. ಆ ಗೆರೆಯ ಹತ್ತಿರ ಇರುವ ಮನೆಗಳಿಗೆ ಫ್ಯಾನಿನ ಈ 67 ಯೂನಿಟ್ ಸಣ್ಣದಲ್ಲ. ಬೇಸಿಗೆಯಲ್ಲಿ ಒಂದು ಎಸಿ ಬಂದರೆ ಆ ಗೆರೆ ದಾಟುವುದು ಗ್ಯಾರಂಟಿ.

ಟೆರೇಸ್ ಮೇಲೆ ಸೋಲಾರ್ ಕರೆಂಟ್ ಹಾಕಿಸುವವರಿಗೆ ಎರಡು ಮಾತು. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ, 3 ಕಿಲೋವ್ಯಾಟ್ ಅಥವಾ ಅದಕ್ಕಿಂತ ಜಾಸ್ತಿಯದಕ್ಕೆ ಒಟ್ಟು 78,000 ರೂಪಾಯಿ ಸಬ್ಸಿಡಿ ಇಟ್ಟಿದ್ದಾರೆ. ನಮ್ಮ ಕಡೆ 1 ಕಿಲೋವ್ಯಾಟ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತೆ, ಅದಕ್ಕೆ ಸುಮಾರು ನೂರು ಚದರಡಿ ನೆರಳಿಲ್ಲದ ಜಾಗ ಬೇಕು. ಪಕ್ಕದ ತೆಂಗಿನ ಮರದ ನೆರಳು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತೆ ಅಂತ ಮೊದಲು ನೋಡಿ. ಬ್ಯಾಟರಿ ಇಲ್ಲದ ಸೋಲಾರ್, ಕರೆಂಟ್ ಹೋದಾಗ ತಾನೂ ನಿಲ್ಲುತ್ತೆ, ಇದನ್ನು ತಿಳಿದುಕೊಂಡೇ ಹಾಕಿಸಿ. ಮತ್ತೆ, ನಲವತ್ತು ವರ್ಷದ ಹಳೇ ವೈರಿಂಗ್ ಇಟ್ಟುಕೊಂಡು ಮೇಲೆ ಇದೆಲ್ಲ ಬೇಡ. ಮೊದಲು ವೈರ್ ಬದಲಿಸಿ, ಅರ್ತಿಂಗ್ ಪರೀಕ್ಷೆ ಮಾಡಿಸಿ, ಕರೆಂಟ್ ಸೋರಿದರೆ ತಕ್ಷಣ ಕಡಿದುಬಿಡುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಮಕ್ಕಳು ಮುದುಕರು ಇರುವ ಮನೆಗೆ ಅದು ಜೀವ ಉಳಿಸುವ ಸಾಧನ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಮೂರನ್ನು ಇಲ್ಲಿ ಬರೆಯುತ್ತೇನೆ.

ಕೃಷ್ಣಮೂರ್ತಿಪುರದಿಂದ ಬಂದಿದ್ದ ಹಿರಿಯರೊಬ್ಬರದು ಮದ್ರಾಸ್ ತಾರಸಿಯ ಮನೆ. ತೊಲೆಗಳ ಮೇಲೆ ಇಟ್ಟಿಗೆಯನ್ನು ಸುಣ್ಣದ ಗಾರೆಯಲ್ಲಿ ಜೋಡಿಸಿದ ಹಳೇ ಸೂರು. ಸೋರುತ್ತಿದೆ, ಮೇಲೆ ನಾಲ್ಕಿಂಚು ಕಾಂಕ್ರೀಟ್ ಹಾಕಿಸಲಾ ಅಂತ ಕೇಳಿದರು. ಖಂಡಿತ ಬೇಡ ಸಾರ್ ಅಂದೆ. ಆ ಭಾರ ತೊಲೆಗಳು ಹೊರುವುದಿಲ್ಲ. ಮೊದಲು ತೊಲೆಯ ತುದಿಗಳನ್ನು ಪರೀಕ್ಷೆ ಮಾಡಿಸಿ. ಗೋಡೆಯೊಳಗೆ ಕೂತಿರುವ ಆ ತುದಿಗಳಲ್ಲೇ ಒದ್ದೆ ನಿಂತು ಮರ ಮೊದಲು ಲಡ್ಡಾಗುವುದು. ಮೇಲಿನ ಹಳೇ ಪದರ ಕೆತ್ತಿಸಿ, ಮತ್ತೆ ಸುಣ್ಣದ ಗಾರೆಯಲ್ಲೇ ಹಾಕಿಸಿ. ಸುಣ್ಣ ಗೊತ್ತಿರುವ ಮೇಸ್ತ್ರಿಗಳು ಕಮ್ಮಿಯಾಗಿದ್ದಾರೆ, ಆದರೆ ಮೈಸೂರಲ್ಲಿ ಇನ್ನೂ ಇದ್ದಾರೆ. ಒಳಗಿನ ಗೋಡೆಗೂ ಸಿಮೆಂಟ್ ಗಿಲಾವು ಮಾಡಿಸಬೇಡಿ. ಸುಣ್ಣದ ಗೋಡೆಯ ತೇವ ಹೊರಗೆ ಹೋಗಲು ದಾರಿ ಇರಬೇಕು. ಅವರು ಪಕ್ಕದಲ್ಲಿದ್ದ ಮಗನ ಕಡೆ ತಿರುಗಿ "ಬರ್ಕೋ" ಅಂದರು. ಅವನು ಬರೆದುಕೊಂಡ.

ಬಾಡಿಗೆ ಮನೆಯಲ್ಲಿರುವ ಹುಡುಗಿಯೊಬ್ಬಳು, ನಾವೇನು ಮಾಡಬಹುದು ಮೇಡಂ ಅಂದಳು. ಅಂಟುಪಟ್ಟಿಯ ಜಾಲರಿ ಹಾಕಿಕೊಳ್ಳಿ, ಪಶ್ಚಿಮದ ಕಿಟಕಿಯ ಹೊರಗೆ ಚಿಕ್ ಕಟ್ಟಿ, ಫ್ಯಾನ್ ನಿಮ್ಮದೇ ತಂದು ಹಾಕಿಕೊಳ್ಳಿ. ಮನೆ ಬಿಡುವಾಗ ಮೂರನ್ನೂ ಬಿಚ್ಚಿ ತೆಗೆದುಕೊಂಡು ಹೋಗಬಹುದು. ಟೆರೇಸಿಗೆ ಸುಣ್ಣ ಹಚ್ಚಲು ಓನರ್ ಒಪ್ಪಿಗೆ ಕೇಳಿ ನೋಡಿ, ಖರ್ಚು ಅರ್ಧರ್ಧ ಅಂದರೆ ತುಂಬಾ ಜನ ಒಪ್ಪುತ್ತಾರೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬರು ಅಜ್ಜಿ ಎದ್ದರು. "ಬಿಳಿ ಟೆರೇಸು ಕಾಯಲ್ಲ ಅಂತೀಯ. ಹಾಗಾದ್ರೆ ಸಂಡಿಗೆ ಒಣಗುತ್ತಾ?"

ಒಣಗುತ್ತೆ ಅಜ್ಜಿ. ಸಂಡಿಗೆ ಒಣಗುವುದು ಮೇಲಿಂದ ಬೀಳುವ ಬಿಸಿಲಿಗೆ, ಮೇಲೆ ಬೀಸುವ ಗಾಳಿಗೆ. ಅತ್ತೆ ಆ ವರ್ಷ ಅರ್ಧ ಬಟ್ಟೆಯನ್ನು ಆ ಕಡೆ, ಅರ್ಧವನ್ನು ಈ ಕಡೆ ಹಾಸಿ ನೋಡಿದರು. ಮೂರನೇ ದಿನ ಎರಡನ್ನೂ ಒಂದೇ ಡಬ್ಬಕ್ಕೆ ತುಂಬಿದರು.